ಫರಸಿಯ ಬೆನ್ನು

ಇತಿಹಾಸ ವಿಭಾಗದ ಫರಸಿ ಕೀಳ್ಲತ್ತಾರ,
ಹೊಳೆಯೋ ಟೈಲ್ಸ್ ಬರ್ತಾವಂತ.
ನಾ ಜವಾನಾಗಿ ಸೇರಿದ ವರ್ಷ
ಇಲ್ಲಿ ಗೋಡಿ ಇದ್ದವು, ಮಾಳಿಗಿ ಇರಲಿಲ್ಲ;
ಕಲಬುರಗಿ ಇನ್ನೂ ಇತ್ತಾಗ ಬಂದಿರಲಿಲ್ಲ,
ತೊಗರಿ ಹೊಲದ ಗಾಳಿನೇ
ಹಾಜರಿ ಪುಸ್ತಕ ತಿರುವತಿತ್ತು.

ಕಿಟಕಿ ಕೆಳಗಿನ ಶಹಾಬಾದ ಕಲ್ಲು ಮಗಚಿದರ
ಬೆನ್ನಿನ ಮ್ಯಾಲ ಮೊಳಿಲೆ ಗೀರಿದ ಅಕ್ಷರ:
ಶರಬವ್ವ. ಎಂಟು ದಿನ. ಬಾಕಿ ಹನ್ನೊಂದು ರೂಪಾಯಿ.
ಮೇಸ್ತ್ರಿ ಲಾಲಮಶಾಕನ ಕೈಬರಹ;
ಅಂವನ ಶಕಾರಕ್ಕ ಹೊಟ್ಟಿ ದೊಡ್ಡದು.

ಬಾಗಲ ಬಲಕ್ಕ ಉದ್ಘಾಟನೆ ಕಲ್ಲು ಅದ,
ಮೂರು ಮಂತ್ರಿಗೋಳು, ಒಬ್ಬ ಕುಲಪತಿ.
ಅದನ್ನ ಯಾರೂ ಕೀಳಲ್ಲ.

ಸಂಶೋಧನೆ ಮಾಡೋ ಹುಡುಗಿ ಫೋಟೋ ಹೊಡಕೊಂಡು
"ಪ್ರಾಥಮಿಕ ಆಕರ" ಅಂದಳು.
ಗುತ್ತೇದಾರನ ಟ್ರ್ಯಾಕ್ಟರ್ ಹಾರ್ನ್ ಹೊಡದಿತ್ತು.
ನಾ ಕಿಸೇದಾಗ ಕೈ ಹಾಕಿದೆ,
ಚಿಲ್ಲರ ಎಣಿಸಿದೆ, ಯಾಕೋ.