ಹೊಸ ಅಂಗಿ

ಧಾರಾವಿಯ ತೊಂಬತ್ತು ಫೂಟ್ ರೋಡಿನ ಹಿಂದ
ನಿಚ್ಚಣಿಕಿ ಏರಿ ಹೋಗೋ ಖೋಲಿಯೊಳಗ
ಹೇರ್ ಡ್ರೈಯರ್ ಹಿಡಕೊಂಡು ಕುಂತಿರತೀನಿ.
ಕೂದಲಾ ಒಣಗಸಾಕಲ್ಲ.

ಸತ್ತ ಲ್ಯಾಪ್‌ಟಾಪಿನ ಹೊಟ್ಟಿ ಬಗದು ತಗದ ಸೆಲ್ಲು
ಗೋಣಿಚೀಲದಾಗ ಬರತಾವ.
ಹೆಬ್ಬೆರಳಿಗಿಂತ ಒಂದೀಟು ಉದ್ದ,
ಮೈತುಂಬ ತರಚಿದ ಗಾಯ.
ಹಳೀ ಅಂಗಿ ಸುಲೀತೀನಿ,
ಮುತ್ತಲ ಹೂವಿನ ಬಣ್ಣದ ಹೊಸಾ ಪ್ಲಾಸ್ಟಿಕ್ ತೊಡಸ್ತೀನಿ,
ಬಿಸಿ ಗಾಳಿ ಬಿಟ್ಟರ
ಸುರುಟಿ, ಮೈಗಂಟಿ, ಮದುಮಕ್ಕಳ ಹಂಗ ಸಾಲಾಗಿ ನಿಲ್ಲತಾವ.
ಅಂಗಿ ಮ್ಯಾಲೆ ಮೊದಲೇ ಬರದಿರತದ:
ಮೂವತ್ತೈದು ಆಂಪಿಯರ್.
ನೂರಕ್ಕ ಮೂವತ್ತು ರೂಪಾಯಿ ನನಗ.
ಬರದವರು ಯಾರೋ, ಓದವರು ಯಾರೋ,
ನಡುವ ಸುಳ್ಳಿಗೆ ಇಸ್ತ್ರಿ ಹೊಡ್ಯಾಕಿ ನಾನು.

ನಿನ್ನೆ ರಾತ್ರಿ ಬೀರೇಶ ಬಂದಿದ್ದ,
ಮುಂದಿನ ಗಲ್ಲಿಯವ,
ಸ್ಕೂಟರ್ ಮ್ಯಾಲೆ ಮಂದಿಗೆ ಊಟ ಮುಟ್ಟಸ್ತಾನ.
ಕಿಸೇದಾಗಿಂದ ಕರೀ ಡಬ್ಬಿ ತಗದ. ಹೊಗಿ ಸೇದೂದು,
ಸರಕಾರ ಬ್ಯಾಡ ಅಂದದ್ದು, ನಾಕಾದಾಗ ಸಿಗೂದು.
"ಅತ್ತಿ, ಕಾಯಿಲ್ ನಾನ ಸುತ್ತೀನಿ,
ಸೊನ್ನಿ ಪಾಯಿಂಟ್ ಒಂದು ಐದು ಓಮ್.
ಏನ್ ಹೊಗಿ ಬರತದ ಅಂತೀ!
ನಿನ್ನ ಚೀಲದಾಗಿನ ಒಂದು ಕೊಡು,
ಮೂವತ್ತೈದು ಬರದದಲ್ಲ, ಸಾಕು."

ಒಂಬತ್ತನೇತ್ತಾ ಫೇಲಾದಾಕಿ ನಾನು,
ಆದರ ಭಾಗಾಕಾರ ಬರತದ.
ಕ್ಯಾಲೆಂಡರಿನ ಬೆನ್ನಿಗೆ ಬರದು ತೋರಿಸಿದೆ:
ತುಂಬಿದ ಸೆಲ್ಲು ನಾಕು ಪಾಯಿಂಟ್ ಎರಡು ವೋಲ್ಟ್,
ನಿನ್ನ ಓಮಿನಿಂದ ಭಾಗಿಸು.
ಇಪ್ಪತ್ತೆಂಟು.
ನಿನ್ನ ಸುರುಳಿ ಗುಂಡಿ ಒತ್ತಿದಾಗೆಲ್ಲ ಇಪ್ಪತ್ತೆಂಟು ಬೇಡತದೋ ಹುಡುಗಾ,
ಲ್ಯಾಪ್‌ಟಾಪಿನ್ಯಾಗ ಐದು ಹೊತ್ತು ಸುಸ್ತಾದ ಮುದುಕಗ
ಇಪ್ಪತ್ತೆಂಟು ಹೊರಸ್ತೀಯೇನು,
ಅದೂ ಬಾಯಿ ಹತ್ತರ ಹಿಡದು?

ಅಂಗಿ ಓದಬ್ಯಾಡ. ತೂಗು.
ತಾಂಬ್ರ ತೂಗೋ ತಕ್ಕಡಿ ಅದ, ನೋಡು,
ಇದು ಮೂವತ್ತೆರಡು ಗ್ರಾಮ್. ಒಳಗ ಏನು ತುಂಬ್ಯಾರೋ.
ಒಳ್ಳೇದು ನಲವತ್ತೈದರ ಆಜೂಬಾಜೂ ತೂಗತದ.
ತೂಗಿದ್ದೆಲ್ಲ ಒಳ್ಳೇದಲ್ಲ, ಅದೂ ನೆಪ್ಪಿರಲಿ.
ಮ್ಯಾಲಿನ ತುಟಿ ಹತ್ತರ ಪ್ಲಾಸ್ಟಿಕ್ ಹರದಿದ್ದರ ಮುಟ್ಟಬ್ಯಾಡ.
ಕಿಸೇದಾಗ ಕೀಲಿ, ಚಿಲ್ಲರದ ಜೋಡಿ ಇಡಬ್ಯಾಡ,
ನಮ್ಮ ತುಕಾರಾಮನ ತೊಡಿ ನೋಡೀಯಲ್ಲ,
ಸುಕ್ಕಿದ ಹಪ್ಪಳ ಆಗೇದ.
ಕಂಪನಿಯವರ ಕಾಗದ ಕೇಳು, ಬಿಲ್ಲು ಕೇಳು,
ಇಪ್ಪತ್ತು ಅಂದರ ಇಪ್ಪತ್ತರೊಳಗ ಬದುಕು.
ಸುರುಳಿಗೆ ಇನ್ನೆರಡು ಸುತ್ತು ಹಾಕು, ಓಮ್ ಏರಲಿ,
ಹೊಗಿ ಕಡಿಮ್ಯಾದರ ಯಾರ ಮದುವಿ ನಿಲ್ಲತದ?

ಸೇದೂದ ಬಿಡು ಅಂದರ ಬಿಡತೀಯೇನು.
ನಕ್ಕ. ನಾನೂ ನಕ್ಕೆ.

"ಆಯ್ತತ್ತಿ. ನಿನ್ನ ಕೈಯಾಗಿಂದು ಒಳ್ಳೇದೊಂದು ಆರಿಸಿಕೊಡು."

ಡ್ರೈಯರ್ ಆರಿಸಿದ್ದೆ, ಆದರೂ ಕೈ ಬಿಸಿ ಇತ್ತು.
ಚೀಲದಾಗ ಆರನೂರು, ಎಲ್ಲಾ ಒಂದ ಬಣ್ಣ,
ಎಲ್ಲಾರ ಎದಿ ಮ್ಯಾಲೆ ಒಂದ ಸುಳ್ಳು.
ನನ್ನ ಕೈ ದಾಟಿದ್ದು ಯಾವದೂ ತಗೋಬ್ಯಾಡೋ, ಅಂದೆ.
ಅಂದದ್ದು ನನಗ ಕೇಳಿಸ್ತು.

ಅವ ನಿಚ್ಚಣಿಕಿ ಇಳದ.
ಇವನ ಹೆಸರು ಗೊತ್ತು, ಇವನವ್ವ ಗೊತ್ತು.
ಉಳದ ಐನೂರಾ ತೊಂಬತ್ತೊಂಬತ್ತು ಕಿಸೆಗಳ ಹೆಸರೇನು?

ಮುಂಜಾನೆ ಎಣಿಸಾಕ ಬಂದ ಹುಡುಗ
ಎರಡು ಸಲ ಎಣಿಸಿದ.
"ಆರು ಕಡಿಮಿ ಅದಾವಲ್ಲ ಬಾಯಿ?"
ಅಂಗಿ ಸಣ್ಣವಾದುವಪ್ಪ, ಅಂದೆ.
ಎರಡು ರೂಪಾಯಿ ಹಿಡಕೊಂಡು ಹ್ವಾದ.

ತುಟಿ ಹರದ ಆರೂ
ಉಸುಕು ತುಂಬಿದ ಎಣ್ಣಿ ಡಬ್ಬಿಯೊಳಗ
ಬತ್ತಲೆ ಮಲಗ್ಯಾವ.
ಉಳದವಕ್ಕ ಅಂಗಿ ತೊಡಸಾಕ
ಮತ್ತ ಕುಂತೀನಿ.