ಪಟ್ಟಿ ಹಾಕಲಾರದ

ದಾಜಿಬಾನ ಪೇಟಿಯೊಳಗ ಆರಡಿ ಅಗಲದ ಅಂಗಡಿ ನನ್ನದು.
ಜಂಪರು, ಫಾಲು, ಪಿಕೋ.
ಇಪ್ಪತ್ತೆರಡು ವರ್ಷದಿಂದ
ಹುಬ್ಬಳ್ಳಿ ಹೆಂಗಸರ ಬಗಲು, ಬೆನ್ನು, ತೋಳಿನ ಸುತ್ತಳತಿ
ಉದ್ದನ್ನ ಬುಕ್ಕಿನಾಗ ಬರಕೋತ ಬಂದಾಕಿ.

ಈಗ ಅದೇ ಬುಕ್ಕಿನ ಕಡೀ ಹಾಳಿಮ್ಯಾಲ
ಬ್ಯಾರೇ ಒಂದು ಯಾದಿ:
ಮಾಸ್ಕು. ಫಿನ್ನು. ರೆಗ್ಯುಲೇಟರು.
ಗಾಳಿ ತುಂಬೋ ಜಾಕೀಟು. ರಬ್ಬರ್ ಸೂಟು.
ಆಳ ಎಷ್ಟಂತ ಹೇಳೋ, ಕೈಗೆ ಕಟ್ಟೋ ಕಂಪ್ಯೂಟರು.
ಮುಂದ ರೇಟು. ರೇಟಿನ ಮುಂದ
ಎಷ್ಟು ಜಂಪರ್ ಹೊಲಿಬೇಕು ಅನ್ನೋದು.
ರೆಗ್ಯುಲೇಟರ್ ಅಂದ್ರ ನೂರಾಹತ್ತು, ಅಸ್ತರ್ ಸಹಿತ.
ಕಂಪ್ಯೂಟರ್ ಅಂದ್ರ ಪೂರಾ ಒಂದು ಲಗ್ನದ ಸೀಜನ್ನು.

ಶುರುವಾಗಿದ್ದು ಭಿಶಿ ಗುಂಪಿನ ಟ್ರಿಪ್ಪಿನಾಗ.
ಎಲ್ಲಾರೂ ಮುರ್ಡೇಶ್ವರದ ದಂಡ್ಯಾಗ ಭಜಿ ತಿನ್ನೋಮುಂದ
ನಾನು ನೇತ್ರಾಣಿ ಬೋಟು ಹತ್ತಿದ್ದೆ.
ಇಪ್ಪತ್ತಡಿ ಕೆಳಗ
ಹಳದಿ ಅಂಚಿನ ಮೀನೊಂದು ಮಗ್ಗಲಿಗೇ ಬಂದು ನಿಂತಿತು.
ಎಲ್ಲಿ ಜೋಡಿಸ್ಯಾನ ಅಂತ ಹುಡುಕಿದೆ.
ತಲಿಯಿಂದ ಬಾಲದ ತನಕ
ಒಂದೂ ಹೊಲಿಗಿ ಇಲ್ಲ.

ಆಮ್ಯಾಲ ಮೂರು ಸಲ ಹೋಗಿ ಕಲ್ತೆ, ಫೋಟೋದ ಕಾರ್ಡೂ ಬಂತು.
ಆದ್ರ ಬಾಡಿಗಿ ಮಾಸ್ಕು!
ಯಾರ ಮುಖಕ್ಕೋ ಹೊಲಿದದ್ದು.
ಅರ್ಧ ಹೊತ್ತು ಮೀನ ನೋಡಿದ್ರ
ಉಳಿದರ್ಧ ಕಣ್ಣಾಗಿನ ಉಪ್ಪುನೀರು ಮೂಗಿನಿಂದ ಊದೋದು.

ನಮ್ಮ ಭಾವ ಅಂದ್ರು, ತಗೊಂಡ್ರ ಉಸಿರಾಡೋದು ತಗೋಬೇಕವಾ,
ಮಷಿನ್ ಇದ್ದಂಗ ಅದು, ಉಳಿದದ್ದು ದಾರ-ಗುಂಡಿ.
ಕಾಜಾ ಮಾಡೋ ಮೆಹರೂನ್‌ಗ ಗುಲಾಬಿ ಫಿನ್ನೇ ಬೇಕು,
ಬಾಗಲಾಗ ತೂಗಹಾಕಿದ್ರ ಗಿರಾಕಿ ಬರ್ತಾವಂತ.
ನನ್ನ ಕೈ ಮಾತ್ರ ಸೂಟಿನ ಕಡೆ.
ಅದರ ಬಗಲ ಹೊಲಿಗಿ ನೋಡೇನಿ ನಾನು,
ಅಂಟು ಹಚ್ಚಿ ಮ್ಯಾಲಿಂದ ಮ್ಯಾಲ ಸೂಜಿ ಆಡಿಸ್ಯಾರ;
ಅದಕ್ಕಿಂತ ಛಲೋ ನಾನs ಹೊಲಿತೇನಿ.
ಕಲಿಸಿದ ಇನಾಸ ಫೋನಿನಾಗ ನಕ್ಕ:
"ಉಳಿದದ್ದೆಲ್ಲಾ ಬಾಡಿಗೆಗೆ ಸಿಗ್ತದೆ ಅಕ್ಕ.
ಮುಖ ಸಿಗೂದಿಲ್ಲ."

ಎರಡು ಮಾಸ್ಕು ಪಾರ್ಸಲ್ ಬಂದವು,
ಒಂದು ಇಟಗೊಂಡು ಒಂದು ತಿರುಗಿ ಕಳಸೋ ಕರಾರಿನ ಮ್ಯಾಲ.
ಪಟ್ಟಿ ಹಾಕಲಾರದ ಮುಖಕ್ಕ ಹಚ್ಚಬೇಕು,
ಮೂಗಿನಿಂದ ಒಂದೀಟು ಉಸಿರು ಎಳೀಬೇಕು,
ಕೈ ಬಿಡಬೇಕು.
ನಿಂತ್ರ ನಿಂದು.

ಮೊದಲಿಂದು ಕತ್ರಿಮ್ಯಾಲ ಬಿತ್ತು.
ಎರಡನೇದಕ್ಕ ಮೂಗುಬಟ್ಟು ತಗದೆ.
ಆ ತೂತಿನಾಗಿಂದ ನೀರು ಬರ್ತಾವೇನ್ರಿ ಅಂದ್ಲು ಮೆಹರೂನ್,
ನಗಿ ಬಂತು, ನಕ್ಕರ ಗಲ್ಲದ ನೆರಿಗಿ ಬಿಚ್ಚಿ
ಗಾಳಿ ಹೊಕ್ಕು ಅದೂ ಬಿತ್ತು.
ಆಕಿನ್ನ ಚಾ ತರಾಕ ಕಳಿಸಿ
ಒಬ್ಬಾಕೀನ ಕನ್ನಡಿ ಮುಂದ ನಿಂತೆ.
ನಿಂತಿತು.
ದಾರಿಲ್ಲ, ಗುಂಡಿಲ್ಲ, ಬರೇ ಒಂದು ಉಸಿರಿನ ಮ್ಯಾಲ.

ಒಂಬತ್ತನೇ ದಿನಕ್ಕ, ನಡುರಾತ್ರಿ ಎರಡಕ್ಕ, ನಳ ಬಂತು.
ಕೊಡ ತುಂಬಿ, ಬಕೀಟು ತುಂಬಿ,
ನೀಲಿ ಡ್ರಮ್ಮು ಕಂಠದ ತನಕ ಆದಮ್ಯಾಲ
ಮಾಸ್ಕು ಹಾಕ್ಕೊಂಡು ತಲಿ ಮುಳಗಿಸಿದೆ.
"ಕುಡಿಯೋ ನೀರದಾವ ಅವು, ಹುಚ್ಚಿ!"
ಅತ್ತಿ ದನಿ ಎಲ್ಲೋ ಮ್ಯಾಲ, ದೂರ.
ಕೆಳಗ ಪಟಕದ ಚೂರು, ಹೋದ ವಾರದ ರಾಡಿ,
ಅದರ ನಡುವ ಒಂದು ಜಂಪರ್ ಹುಕ್ಕು,
ಯಾವಾಗ ಬಿದ್ದಿತ್ತೋ,
ಮಿಣಮಿಣ ಅನಕೋತ.
ಒಂದು ಹನಿ ಒಳಗ ಬರಲಿಲ್ಲ.

ಮುಂಜಾನೆ ಬಂದ ಕುಂದಗೋಳದ ಟೀಚರಬಾಯಿ
ನನ್ನ ಹಣಿ, ಗಲ್ಲ ನೋಡಿದ್ರು:
"ಏನಿದು ಅಚ್ಚು, ಮುಖದ ತುಂಬ?"
ಅಳತಿ ಕೊಟ್ಟು ಬಂದೇನ್ರಿ, ಅಂದೆ.
ಟೇಪು ಎಳದು ಬೆನ್ನಿಗೆ ಬಂದೆ.
ಎಲ್ಲಾರ ಹಂಗ ಅವರೂ ಹೊಟ್ಟಿ ಒಳಗೆಳಕೊಂಡು ನಿಂತ್ರು.

ತೋಳು ಎತ್ರಿ, ಅಂದೆ.
ಉಸಿರು ಹಿಡೀಬ್ಯಾಡ್ರಿ.