ನಾಲ್ಕು ಸಾಲು

ಪುಟ್ಟತಾಯಮ್ಮ ಮೇಡಂ ಕೊಡುತ್ತಿದ್ದದ್ದು ಅರ್ಧ ಹಾಳೆ.
ಪೂರ್ತಿ ಕೊಟ್ಟರೆ ಪೂರ್ತಿ ಬರೀತೀರಿ, ಅನ್ನುವರು.
"ಪುಸ್ತಕ ಮುಚ್ಚಿ. ನಾಲ್ಕೇ ಸಾಲು. ನಿಮ್ಮ ಮಾತಲ್ಲಿ."
ಪಾಂಡವಪುರದ ಆ ಶಾಲೆಯ ಕಿಟಕಿಯಾಚೆ
ಕಬ್ಬಿನ ಗಾಡಿಗಳು ಕಾರ್ಖಾನೆಗೆ ಸಾಲುಗಟ್ಟಿದ್ದವು.
ಅವನ್ನು ಎಣಿಸುವುದು ಸುಲಭವಿತ್ತು.

ಅವತ್ತಿನ ಪಾಠ ಬಾವಿ ತೋಡಿದವನದು. ಐದು ಪುಟ.
ಗಟ್ಟಿಯಾಗಿ ಓದಿದ್ದು ನಾನೇ, ಎದ್ದು ನಿಂತು,
ಒಂದು ಒತ್ತಕ್ಷರವೂ ಎಡವದೆ.
ಭೇಷ್ ಅನ್ನಿಸಿಕೊಂಡು ಕೂತೆ.
ಅರ್ಧ ಹಾಳೆಯ ಮುಂದೆ ಕೈ ಕಲ್ಲಾಯಿತು.
ಮೊದಲ ವಾಕ್ಯ ನೆನಪಿತ್ತು, ಕೊನೆಯದು ನೆನಪಿತ್ತು.
ಎರಡನ್ನೂ ಇಳಿಸಿ ನಡುವೆ
'ಹೀಗೆ ಅನೇಕ ಘಟನೆಗಳು ನಡೆದವು' ಎಂದು ತುಂಬಿದೆ.

ಕೆಂಪು ಪೆನ್ನು 'ಅನೇಕ'ದ ಕೆಳಗೆ ನಿಂತಿತು.
"ಅನೇಕ ಬೇಡ," ಅಂದರು ಮೇಡಂ. "ಒಂದು ಹೇಳು."
ಕಿಟಕಿ ನೋಡಿದೆ.
ಹನ್ನೊಂದು ಗಾಡಿ.

ಸಂಜೆ ಆಲೆಮನೆಗೆ ಬುತ್ತಿ ಒಯ್ದೆ.
ಕೊಪ್ಪರಿಗೆಯ ಹಬೆಯೊಳಗೆ ಅಪ್ಪ ಅರ್ಧ ಕಾಣುತ್ತಿದ್ದ.
ಹೆಬ್ಬೆಟ್ಟಿನ ಮನುಷ್ಯ. ಆದರೆ ಪಾಕದ ಹದಕ್ಕೆ
ಸುತ್ತ ಏಳೂರಿನವರೂ ಅವನನ್ನೇ ಕೇಳಬೇಕು.

"ಏನ್ ಓದ್ದೆ ಮಗ ಇವತ್ತು?"
"ಬಾವಿ ತೋಡೋನ್ ಕತೆ. ಏಳ್ ವರ್ಸ ತೋಡ್ತಾನೆ. ನೀರು ಸಿಗುತ್ತೆ."
"ಆಮ್ಯಾಕೆ?"
"ಆಮ್ಯಾಕೇನಿಲ್ಲ. ಊರೋರು ಕುಡೀತಾರೆ."
"ಅವ್ನು?"
"ಯಾರು?"
"ತೋಡ್ದೋನು ಕನವ್ವ. ಅವ್ನು ಕುಡುದ್ನ?"

ಗಾಣದ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು.
ಐದು ಪುಟವನ್ನೂ ನಾನು ಬಾಯಲ್ಲೇ ದಾಟಿದ್ದೆ,
ಹೊಳೆಯ ಸೇತುವೆ ಮೇಲೆ ಹೋಗುವ ಬಸ್ಸಿನ ಹಾಗೆ,
ಚಕ್ರ ಒದ್ದೆಯಾಗದೆ.

ರಚ್ಚು ಉರಿಯುವ ಬೆಳಕಲ್ಲಿ ಪುಸ್ತಕ ಬಿಚ್ಚಿದೆ.
ಮೂರನೇ ಪುಟ. ಚಿತ್ರದ ಕೆಳಗೆ, ಸಣ್ಣದೊಂದು ವಾಕ್ಯ:
ಮಣ್ಣು ತೇವವಾದ ದಿನ ಅವನು ಸೊಂಟದ ಹಗ್ಗ ಬಿಚ್ಚಿಟ್ಟು
ಮುಂದಿನ ಊರಿಗೆ ಹೊರಟ.
ಬೆಳಗ್ಗೆ ಇದನ್ನೂ ಓದಿದ್ದೆ, ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ಸಮೇತ.

ಅಪ್ಪನಿಗೆ ಓದಿ ಹೇಳಿದೆ.
ಮಡ್ಡಿ ತೆಗೆಯುತ್ತಿದ್ದ ಜಾಲರಿ ಗಳಿಗೆ ಹೊತ್ತು ನಿಂತಿತು.
"ಅಂಗಾರೆ ಕತೆ ಅವಂದು," ಅಂದ. "ಬಾವೀದಲ್ಲ."

ಅಲ್ಲೇ ಕಬ್ಬಿನ ಹೊರೆಯ ಮೇಲೆ ಕೂತು ಬರೆದೆ.
ಮೊದಲು ಹದಿಮೂರು ಸಾಲಾಯಿತು. ಹೊಡೆದು ಹಾಕಿದೆ.
ಆಮೇಲೆ ಒಂದೇ: ಒಬ್ಬ ಬಾವಿ ತೋಡಿ ಹೋದ.
ಅದೂ ಅಲ್ಲ, ಅದರಲ್ಲಿ ಏಳು ವರ್ಷವೇ ಇಲ್ಲ.
ಅಪ್ಪ ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು
ಬೆರಳಲ್ಲಿ ಉರುಳಿಸಿ, "ಇನ್ನೊಂದ್ ಕುದಿ," ಅಂದ.
ನನಗಲ್ಲ, ಒಲೆಗೆ ರಚ್ಚು ಹಾಕುವ ಹುಡುಗನಿಗೆ.

    ಒಬ್ಬ ಏಳು ವರ್ಷ ಬಾವಿ ತೋಡಿದ.
    ಮಣ್ಣು ತೇವವಾದ ದಿನ ಹಗ್ಗ ಬಿಟ್ಟು ಹೊರಟ.
    ಊರು ನೀರು ಕುಡಿಯಿತು, ಅವನ ಹೆಸರು ಕೇಳಲಿಲ್ಲ.
    ಅವನಿಗೆ ಬಾಯಾರಿತ್ತೋ ಇಲ್ಲವೋ ಪಾಠ ಹೇಳುವುದಿಲ್ಲ.

ಹಾಳೆಯ ಮೂಲೆಗೆ ಬೆಲ್ಲದ ಅಂಟು.
ನಾಲ್ಕನೇ ಸಾಲನ್ನು ಹೊಡೆಯಲು ಮೇಡಂ ಪೆನ್ನೆತ್ತಿದರು,
ಮತ್ತೊಮ್ಮೆ ಓದಿದರು,
ಮುಚ್ಚಳ ಹಾಕಿದರು.

ಈಗ ಮಂಡ್ಯದ ಕಚೇರಿಯಲ್ಲಿ ಎರಡನೇ ಮೇಜು ನನ್ನದು.
ನಲವತ್ತು ಪುಟದ ಕಡತಕ್ಕೆ ಟಿಪ್ಪಣಿ ಹಾಳೆಯಲ್ಲಿ
ಇಷ್ಟೇ ಇಷ್ಟು ಬರೆಯುವ ಕೆಲಸ.
ಸಾಹೇಬರು ಓದುವುದು ಅಷ್ಟನ್ನೇ.
'ಕಡತ ಪರಿಶೀಲಿಸಲಾಗಿದೆ' ಎಂಬ ಸಾಲು
ಕೈಗೆ ತಾನಾಗಿ ಬರುತ್ತದೆ, 'ಅನೇಕ'ದ ತಮ್ಮನಂತೆ.

ನಿನ್ನೆ ಊಟದ ಹೊತ್ತಲ್ಲಿ ನಿಂಗಾಜಮ್ಮ ಬಂದರು,
ಆರನೇ ಸಲ, ಅದೇ ಪ್ಲಾಸ್ಟಿಕ್ ಚೀಲ.
"ಏನಂತೆ ಮಗ ನಮ್ ಕಾಗ್ದ?"
ಹೇಳಿದೆ, ನಾಲ್ಕು ಮಾತಲ್ಲಿ, ಚೊಕ್ಕವಾಗಿ.
ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು.
ಸೆರಗಿನ ಗಂಟು ಬಿಗಿದುಕೊಂಡು
"ಆಮ್ಯಾಕೆ?" ಅಂದರು.

ಕಟ್ಟಿದ್ದ ಕಡತದ ದಾರ ಬಿಚ್ಚಿದೆ.
ಮೂರನೇ ಪುಟ.